ಪ್ಯಾಕಿಂಗ್ ಯಂತ್ರ ಕೊಳ್ಳುವ ಮೊದಲು: ನಿಮ್ಮ ಗೋದಾಮಿಗೆ ಹೊಂದುವುದನ್ನು ಆರಿಸುವ ಬಗೆ

ಪ್ಯಾಕಿಂಗ್ ಮೇಜುಗಳ ಪಕ್ಕ ಆರ್ಡರ್‌ಗಳು ಗುಡ್ಡೆ ಬಿದ್ದಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಒಂದು ಯಂತ್ರ ತರಿಸಿಬಿಡೋಣ.’ ನಾನು ಕೆಲಸ ಮಾಡಿದ ಒಂದು ಗೋದಾಮಿನಲ್ಲೂ ಹೀಗೇ ಆಯಿತು. ಪೆಟ್ಟಿಗೆಗೆ ತಾನಾಗಿಯೇ ಟೇಪ್ ಹಚ್ಚುವ ಯಂತ್ರ ಬಂತು. ಅದು ಚೆನ್ನಾಗಿಯೇ ಓಡಿತು. ಆದರೆ ಗುಡ್ಡೆ ಕರಗಲಿಲ್ಲ. ತಡವಾಗುತ್ತಿದ್ದದ್ದು ಟೇಪ್ ಹಚ್ಚುವಲ್ಲಿ ಅಲ್ಲ. ಸರಿಯಾದ ಅಳತೆಯ ಪೆಟ್ಟಿಗೆ ಹುಡುಕಿ, ಬಿಡಿಸಿ, ಒಳಗೆ ಕಾಗದ ತುರುಕುವಲ್ಲಿ ತಡವಾಗುತ್ತಿತ್ತು. ಯಂತ್ರ ಬಂದು ಕೂತ ಮೇಲೆ ನಾವು ಗಡಿಯಾರ ಹಿಡಿದು ನೋಡಿ ಇದನ್ನು ತಿಳಿದುಕೊಂಡೆವು.

ಆ ಕೆಲಸವನ್ನು ಮೊದಲೇ ಮಾಡಬಹುದಿತ್ತು. ಅದಕ್ಕೆ ಬೇಕಿದ್ದದ್ದು ಒಂದು ಗಡಿಯಾರ, ಒಂದು ಹಾಳೆ, ಎರಡು ದಿನ. ಹಾಗಾಗಿ ಈ ಲೇಖನ ಯಂತ್ರದಿಂದ ಶುರುವಾಗುವುದಿಲ್ಲ. ಯಂತ್ರದ ಮಾತು ನಾಲ್ಕನೇ ಹೆಜ್ಜೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ, ಮೊದಲ ಮೂರು ಹೆಜ್ಜೆಗಳಲ್ಲೇ ಅರ್ಧಕ್ಕಿಂತ ಜಾಸ್ತಿ ತೀರ್ಮಾನ ಆಗಿಬಿಡುತ್ತದೆ.

ಹೆಜ್ಜೆ 1: ಗಡಿಯಾರ ಹಿಡಿದು ಮೇಜಿನ ಪಕ್ಕ ನಿಲ್ಲಿ

ಪ್ಯಾಕಿಂಗ್ ಅನ್ನುವುದು ಒಂದೇ ಕೆಲಸ ಅಲ್ಲ. ಪೆಟ್ಟಿಗೆ ಆರಿಸುವುದು, ಬಿಡಿಸಿ ತಳ ಮುಚ್ಚುವುದು, ಸರಕು ಸ್ಕ್ಯಾನ್ ಮಾಡಿ ಒಳಗಿಡುವುದು, ಖಾಲಿ ಜಾಗ ತುಂಬುವುದು, ಮೇಲೆ ಮುಚ್ಚುವುದು, ತೂಕ ಹಾಕುವುದು, ಲೇಬಲ್ ಅಂಟಿಸುವುದು, ಎತ್ತಿ ಮುಂದಕ್ಕೆ ಕಳಿಸುವುದು. ಒಬ್ಬೊಬ್ಬರ ಬಳಿ ನಿಂತು ಸುಮಾರು 50 ಆರ್ಡರ್‌ಗಳನ್ನು ಗಮನಿಸಿ. ಒಂದೊಂದು ಕೆಲಸಕ್ಕೂ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಗಾಡಿ ಹೊರಡುವ ಗಡಿಬಿಡಿಯಲ್ಲಿ ಒಮ್ಮೆ ನೋಡಿ.

ಒಂದು ಉದಾಹರಣೆ ನೋಡೋಣ. ಒಂದು ಆರ್ಡರ್‌ಗೆ ಒಟ್ಟು 90 ಸೆಕೆಂಡ್ ಆಯಿತು ಅಂದುಕೊಳ್ಳಿ. ಪೆಟ್ಟಿಗೆ ಆರಿಸಿ ಬಿಡಿಸಲು 20, ಸರಕು ಸ್ಕ್ಯಾನ್ ಮಾಡಿ ಇಡಲು 25, ಖಾಲಿ ಜಾಗ ತುಂಬಲು 20, ಟೇಪ್ ಹಚ್ಚಲು 8, ತೂಕ ಮತ್ತು ಲೇಬಲ್‌ಗೆ 17. ಈಗ ಟೇಪ್ ಯಂತ್ರ ಎಷ್ಟೇ ವೇಗವಾಗಿದ್ದರೂ ನಿಮಗೆ ಉಳಿಯುವುದು ಹೆಚ್ಚೆಂದರೆ 8 ಸೆಕೆಂಡ್. ಪೆಟ್ಟಿಗೆ ಬಿಡಿಸುವುದು ಮತ್ತು ಜಾಗ ತುಂಬುವುದು ಸೇರಿದರೆ 40. ಯಾವುದರ ಬೆನ್ನು ಹತ್ತಬೇಕು ಅಂತ ಹಾಳೆಯೇ ಹೇಳುತ್ತದೆ, ಅಲ್ವಾ?

ಪ್ಯಾಕಿಂಗ್ ಮಾಡುವವರನ್ನು ಮಾತಾಡಿಸಲು ಮರೆಯಬೇಡಿ. ಯಾವ ಪೆಟ್ಟಿಗೆ ಪದೇ ಪದೇ ಖಾಲಿಯಾಗುತ್ತದೆ, ಯಾವ ಸರಕಿಗೆ ಯಾವ ಪೆಟ್ಟಿಗೆಯೂ ಹೊಂದುವುದಿಲ್ಲ, ಯಾವ ಪ್ರಿಂಟರ್ ಕೈಕೊಡುತ್ತದೆ, ಇದೆಲ್ಲ ಅವರಿಗೆ ಬಾಯಿಪಾಠ. ಕೆಲವು ಸಲ ಮೇಜಿನ ಎತ್ತರ ಸರಿಮಾಡಿ, ಪೆಟ್ಟಿಗೆಗಳನ್ನು ಕೈಗೆಟಕುವಂತೆ ಜೋಡಿಸಿದರೆ ಸಾಕು, 90 ಸೆಕೆಂಡ್ ಇದ್ದದ್ದು ಇಳಿಯುತ್ತದೆ. ಅದನ್ನು ಮಾಡಿ ಮುಗಿಸಿದ ಮೇಲೆ ಉಳಿದ ಸಮಯಕ್ಕೆ ಮಾತ್ರ ಯಂತ್ರ ಹುಡುಕಿ. ಇಲ್ಲದಿದ್ದರೆ ಪುಕ್ಕಟೆ ಸಿಗುತ್ತಿದ್ದ ಉಳಿತಾಯವನ್ನೂ ಯಂತ್ರದ ಲೆಕ್ಕಕ್ಕೆ ಬರೆದುಬಿಡುತ್ತೀರಿ.

ಹೆಜ್ಜೆ 2: ಒಂದು ವರ್ಷದ ಆರ್ಡರ್‌ಗಳನ್ನು ಜಾಲಾಡಿ

ಮಾರಾಟಗಾರರು ಮೊದಲು ಕೇಳುವ ಪ್ರಶ್ನೆ, ‘ದಿನಕ್ಕೆ ಎಷ್ಟು ಆರ್ಡರ್?’ ಈ ಒಂದು ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ದಿನಕ್ಕೆ 6,000 ಆರ್ಡರ್, 15 ಗಂಟೆ ಕೆಲಸ ಅಂದರೆ ಸರಾಸರಿ ಗಂಟೆಗೆ 400. ಆದರೆ ಕೊರಿಯರ್ ಗಾಡಿ ಹೊರಡುವ ಮುಂಚಿನ ಎರಡು ಗಂಟೆಗಳಲ್ಲಿ ಗಂಟೆಗೆ 700 ಬರುತ್ತಿರಬಹುದು. ಯಂತ್ರ ತಾಳಿಕೊಳ್ಳಬೇಕಾದದ್ದು ಆ 700ನ್ನು.

ಇಲ್ಲಿ ಇನ್ನೊಂದು ಲೆಕ್ಕ ಸೇರಿಸಬೇಕು. ಕ್ಯಾಟಲಾಗ್‌ನಲ್ಲಿ ಬರೆದ ವೇಗ, ಯಂತ್ರ ಒಂದು ಕ್ಷಣವೂ ನಿಲ್ಲದೆ ಓಡಿದಾಗಿನ ವೇಗ. ನಿಜದಲ್ಲಿ ರೋಲ್ ಬದಲಿಸಬೇಕು, ಜಾಮ್ ಬಿಡಿಸಬೇಕು, ಕೆಲವು ಪೆಟ್ಟಿಗೆ ಸೊಟ್ಟಗಾಗಿ ವಾಪಸ್ ಬರುತ್ತವೆ. ಕಾರ್ಖಾನೆಗಳಲ್ಲಿ ಇದನ್ನು ಮೂರು ಸಂಖ್ಯೆಗಳ ಗುಣಾಕಾರವಾಗಿ ನೋಡುತ್ತಾರೆ: ಯಂತ್ರ ಓಡಿದ ಸಮಯದ ಪಾಲು, ಓಡಿದಾಗ ಇದ್ದ ವೇಗದ ಪಾಲು, ಸರಿಯಾಗಿ ಬಂದ ಮಾಲಿನ ಪಾಲು. ಇದಕ್ಕೆ ಓಇಇ, ಅಂದರೆ ಯಂತ್ರದ ಒಟ್ಟಾರೆ ಪರಿಣಾಮಕಾರಿತ್ವ, ಅನ್ನುತ್ತಾರೆ. ಶೇಕಡ 90, 90, 98 ಅಂತ ಹಿಡಿದರೆ ಗುಣಾಕಾರ ಸುಮಾರು ಶೇಕಡ 79. ಬಿಡಿಬಿಡಿಯಾಗಿ ನೋಡಿದರೆ ಮೂರೂ ಚೆನ್ನಾಗಿವೆ, ಆದರೂ ಐದರಲ್ಲಿ ಒಂದು ಪಾಲು ಕೈಬಿಟ್ಟು ಹೋಯಿತು. ಹಾಗಾಗಿ ಗಂಟೆಗೆ 700 ಬೇಕಿದ್ದರೆ ಕ್ಯಾಟಲಾಗ್‌ನಲ್ಲಿ ಸುಮಾರು 890 ಅಂತ ಇರಬೇಕು.

ಹಾಗಂತ ವರ್ಷದ ನಾಲ್ಕೈದು ದಿನ ಬರುವ ಭಾರೀ ನೂಕುನುಗ್ಗಲಿಗೆ ಅಂತಲೇ ಯಂತ್ರ ಕೊಳ್ಳಬೇಡಿ. ಆ ದಿನಗಳಿಗೆ ಹೆಚ್ಚುವರಿ ಪಾಳಿ ಮಾಡಿ, ಕೈ ಪ್ಯಾಕಿಂಗ್ ಮೇಜುಗಳನ್ನು ಉಳಿಸಿಕೊಳ್ಳಿ. ಉಳಿದ 360 ದಿನ ಅರ್ಧ ಖಾಲಿ ಓಡುವ ಯಂತ್ರ ಹೊರೆಯೇ.

ಆರ್ಡರ್ ಪಟ್ಟಿಯಿಂದ ಇನ್ನೂ ನಾಲ್ಕು ವಿಷಯ ತೆಗೆಯಿರಿ. ಒಂದೇ ಸರಕು ಇರುವ ಆರ್ಡರ್‌ಗಳು ಎಷ್ಟು ಪಾಲು? ಇವು ಯಂತ್ರಕ್ಕೆ ಸಲೀಸು. ಹಲವು ಸರಕು ಸೇರಿದ ಆರ್ಡರ್‌ಗಳಲ್ಲಿ, ಎಲ್ಲವೂ ಒಟ್ಟಾಗಿ ಬಂದು ಸೇರುವವರೆಗೆ ಯಂತ್ರ ಕಾಯಬೇಕು. ಒಡೆಯುವ ಸರಕು ಎಷ್ಟು? ಬಟ್ಟೆಯಂಥ ಮೆತ್ತನೆಯ ಸರಕು ಎಷ್ಟು? ಕೊನೆಯದು, ಒಟ್ಟು ಆರ್ಡರ್‌ಗಳ ಅಳತೆ ಹೇಗೆ ಹಂಚಿಕೆಯಾಗಿದೆ?

ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಪ್ರತಿ ಸರಕಿನ ಉದ್ದ, ಅಗಲ, ಎತ್ತರ, ತೂಕ ಕಂಪ್ಯೂಟರ್‌ನಲ್ಲಿ ಸರಿಯಾಗಿರಬೇಕು. ಬಹಳ ಕಡೆ ಅದು ಸರಿಯಿರುವುದಿಲ್ಲ. ಸೆಂಟಿಮೀಟರ್ ಜಾಗದಲ್ಲಿ ಮಿಲಿಮೀಟರ್, ಒಂದು ಡಜನ್ ಪೆಟ್ಟಿಗೆಯ ತೂಕವೇ ಒಂದರ ತೂಕ, ಕೆಲವು ಕಡೆ ಸುಮ್ನೆ ‘1×1×1’. ಜಾಸ್ತಿ ಹೋಗುವ ಸರಕುಗಳಿಂದ ಶುರುಮಾಡಿ ಒಂದೊಂದಾಗಿ ಅಳೆಯಿರಿ. ಸಾವಿರಾರು ಬಗೆ ಇದ್ದರೆ ಅಳತೆ ಮತ್ತು ತೂಕ ಒಟ್ಟಿಗೇ ತೆಗೆಯುವ ಸಾಧನ ಬಾಡಿಗೆಗೆ ಸಿಗುತ್ತದೆಯೇ ನೋಡಿ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟವರು ಆಮೇಲೆ ಪೂರ್ತಿ ಲೈನ್ ನಿಲ್ಲಿಸಿ ಇದೇ ಕೆಲಸ ಮಾಡುತ್ತಾರೆ.

ಹೆಜ್ಜೆ 3: ಮೊದಲು ಪೆಟ್ಟಿಗೆ ಸರಿಮಾಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹೆಜ್ಜೆ. ಕೊರಿಯರ್‌ಗಳು ತೂಕಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುವುದಿಲ್ಲ, ಜಾಗಕ್ಕೂ ತೆಗೆದುಕೊಳ್ಳುತ್ತವೆ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸುವುದು ಕೊರಿಯರ್‌ಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಲೆಕ್ಕ. ವಿಮಾನ ಸರಕಿಗೆ 6,000 ಬಳಸುವುದುಂಟು. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಜಾಸ್ತಿಯಿದ್ದರೆ ಅದಕ್ಕೇ ಬಿಲ್ಲು.

1.5 ಕಿಲೋ ಸರಕನ್ನು 40×30×20 ಪೆಟ್ಟಿಗೆಯಲ್ಲಿ ಕಳಿಸಿದರೆ ಲೆಕ್ಕದ ತೂಕ 4.8 ಕಿಲೋ. ಅದೇ ಸರಕು 30×20×15ರಲ್ಲಿ ಹಿಡಿಸಿದರೆ 1.8 ಕಿಲೋ. ಉಳಿದ 3 ಕಿಲೋ ಬರೀ ಗಾಳಿ. ದಿನಕ್ಕೆ ಸಾವಿರಾರು ಸಲ ಗಾಳಿಗೆ ದುಡ್ಡು ಕೊಡುತ್ತಿದ್ದರೆ, ಕೂಲಿ ಉಳಿಸುವ ಯಂತ್ರಕ್ಕಿಂತ ಪೆಟ್ಟಿಗೆ ಕುಗ್ಗಿಸುವ ಯಂತ್ರವೇ ಬೇಗ ತನ್ನ ದುಡ್ಡು ಹುಟ್ಟಿಸಿಕೊಡುತ್ತದೆ.

ಕಾನೂನೂ ಈ ಕಡೆಗೇ ತಿರುಗುತ್ತಿದೆ. ಯುರೋಪಿಯನ್ ಒಕ್ಕೂಟ 2025ರಲ್ಲಿ ಹೊರಡಿಸಿದ ಪ್ಯಾಕೇಜಿಂಗ್ ನಿಯಮದ ಪ್ರಕಾರ, ಬೇಗ ಅಂದರೆ 2030ರಿಂದ ಆನ್‌ಲೈನ್ ಆರ್ಡರ್ ಪೆಟ್ಟಿಗೆಯಲ್ಲಿ ಖಾಲಿ ಜಾಗ ಶೇಕಡ 50 ಮೀರುವಂತಿಲ್ಲ. ತುಂಬಿದ ಕಾಗದ, ಗಾಳಿ ದಿಂಬು, ಗುಳ್ಳೆ ಹಾಳೆ ಎಲ್ಲವೂ ಅಲ್ಲಿ ಖಾಲಿ ಜಾಗದ ಲೆಕ್ಕಕ್ಕೇ ಸೇರುತ್ತವೆ. ಅಂದರೆ ದೊಡ್ಡ ಪೆಟ್ಟಿಗೆ ಹಾಕಿ ತುಂಬಾ ಕಾಗದ ತುರುಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆ ಮಾರುಕಟ್ಟೆಗೆ ಕಳಿಸುವವರು ಈಗಲೇ ಯಂತ್ರ ಆರಿಸುವಾಗ ಇದನ್ನು ಗಮನದಲ್ಲಿಡಬೇಕು.

ಹಾಗಾದರೆ ಪೆಟ್ಟಿಗೆ ಅಳತೆಗಳು ಎಷ್ಟಿರಬೇಕು? ಜಾಸ್ತಿ ಅಳತೆ ಇಟ್ಟುಕೊಂಡರೆ ಖಾಲಿ ಜಾಗ ಕಡಿಮೆ, ಆದರೆ ಆರಿಸಲು ಗೊಂದಲ, ದಾಸ್ತಾನಿಗೆ ಜಾಗ, ಯಂತ್ರ ಬದಲಾಯಿಸಲು ಸಮಯ. ಹಿಂದಿನ ಹೆಜ್ಜೆಯ ಅಳತೆ ಪಟ್ಟಿ ಇಟ್ಟುಕೊಂಡು, ಒಂದೊಂದು ಅಳತೆಯ ಪೆಟ್ಟಿಗೆಗೂ ನಿಜವಾಗಿ ಎಷ್ಟು ಆರ್ಡರ್ ಬೀಳುತ್ತವೆ ನೋಡಿ. ಇಪ್ಪತ್ತು ಅಳತೆ ಇಟ್ಟುಕೊಂಡ ಕಡೆ, ಮುಕ್ಕಾಲು ಕೆಲಸ ಐದಾರರಲ್ಲೇ ಮುಗಿಯುತ್ತಿರುವುದನ್ನು ನಾನು ಕಂಡಿದ್ದೇನೆ. ಆ ಐದಾರನ್ನು ಸರಿಯಾಗಿ ಆರಿಸಿದರೆ ಅಗ್ಗದ, ಸರಳ ಯಂತ್ರವೇ ಸಾಕಾಗಬಹುದು. ಆರ್ಡರ್‌ಗಳು ಯಾವ ಗುಂಪಿಗೂ ಸೇರದೆ ಚೆಲ್ಲಾಪಿಲ್ಲಿ ಇದ್ದರೆ ಅಳತೆಗೆ ತಕ್ಕ ಪೆಟ್ಟಿಗೆ ತಯಾರಿಸುವ ಯಂತ್ರದ ಕಡೆ ಹೋಗಬೇಕು.

ರಟ್ಟಿನ ಗುಣದ ಬಗ್ಗೆಯೂ ಒಂದು ಮಾತು. ಮನುಷ್ಯನ ಕೈ ಸೊಟ್ಟ ರಟ್ಟನ್ನು ತಟ್ಟಿ ಸರಿಮಾಡಿಕೊಳ್ಳುತ್ತದೆ. ಯಂತ್ರ ಹಾಗೆ ಮಾಡುವುದಿಲ್ಲ. ಪೆಟ್ಟಿಗೆ ಬಿಡಿಸುವ ಯಂತ್ರ ರಬ್ಬರ್ ಬಟ್ಟಲಿನಿಂದ ರಟ್ಟನ್ನು ಹೀರಿ ಹಿಡಿದು ಎಳೆಯುತ್ತದೆ. ರಟ್ಟು ಬಾಗಿದ್ದರೆ ಹಿಡಿತ ಸಿಗುವುದಿಲ್ಲ. ಮಡಿಕೆಯ ಗೆರೆ ಆಳವಾಗಿ ಬಿದ್ದಿರದಿದ್ದರೆ ಚೌಕ ಕೂರುವುದಿಲ್ಲ. ಕಟ್ಟಿನ ಪಟ್ಟಿ ಬಿಗಿಯಾಗಿ ಅಂಚು ಜಜ್ಜಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ರಟ್ಟು ತೇವ ಹೀರುತ್ತದೆ, ತೇವ ಏರಿದಂತೆ ಅದರ ಬಲ ಇಳಿಯುತ್ತದೆ. ರಟ್ಟಿನ ಬಲ ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್, ಶೇಕಡ 50 ತೇವದ ಕೋಣೆಯಲ್ಲಿ. ನಿಮ್ಮ ಗೋದಾಮು ಹಾಗಿದೆಯೇ? ಮಳೆ ದಿನಗಳಲ್ಲಿ ಹೇಗಿರುತ್ತದೆ? ಯಂತ್ರ ಕೊಂಡ ಮೇಲೆ ಇನ್ನೂ ಒಳ್ಳೆಯ ರಟ್ಟು ಬೇಕಾಗಬಹುದು, ಅದರ ಖರ್ಚನ್ನೂ ಈಗಲೇ ಬರೆದಿಡಿ.

ಹೆಜ್ಜೆ 4: ಯಾವ ಯಂತ್ರ ಯಾವ ಕೆಲಸಕ್ಕೆ

ಈಗ ಯಂತ್ರಗಳ ಮಾತು.

ಕಾರ್ಟನ್ ಇರೆಕ್ಟರ್ ಚಪ್ಪಟೆ ರಟ್ಟನ್ನು ಬಿಡಿಸಿ, ತಳ ಮಡಚಿ, ಟೇಪ್ ಅಥವಾ ಅಂಟು ಹಾಕಿ ಕೊಡುತ್ತದೆ. ಕಡಿಮೆ ಅಳತೆಗಳು, ಒಂದೊಂದರಲ್ಲೂ ಜಾಸ್ತಿ ಪೆಟ್ಟಿಗೆಗಳು ಬೇಕಾದ ಕಡೆ ಇದು ಹೇಳಿ ಮಾಡಿಸಿದ್ದು. ಅಳತೆ ಬದಲಿಸುವಾಗ ಹಿಡಿಕೆ ತಿರುಗಿಸಿ ಹೊಂದಿಸಬೇಕು. ಅದಕ್ಕೆ ಎಷ್ಟು ನಿಮಿಷ ಬೇಕು, ಸಲಕರಣೆ ಬೇಕೇ, ಯಾರು ಬೇಕಾದರೂ ಮಾಡಬಹುದೇ ಅಂತ ಕಣ್ಣಾರೆ ನೋಡಿ. ದಿನಕ್ಕೆ ಹತ್ತು ಸಲ ಬದಲಿಸಬೇಕಾದರೆ ಆ ನಿಮಿಷಗಳೇ ಒಂದು ಗಂಟೆ ತಿನ್ನುತ್ತವೆ.

ಕಾರ್ಟನ್ ಸೀಲರ್ ಮೇಲೆ ಮುಚ್ಚುವ ಯಂತ್ರ. ಇದರಲ್ಲಿ ಎರಡು ಬಗೆ. ಒಂದು, ಒಂದೇ ಅಳತೆಗೆ ಹೊಂದಿಸಿಟ್ಟು ಓಡಿಸುವುದು. ಇನ್ನೊಂದು, ಬರುವ ಪ್ರತಿ ಪೆಟ್ಟಿಗೆಯ ಎತ್ತರ, ಅಗಲ ನೋಡಿಕೊಂಡು ತಾನೇ ಹೊಂದಿಕೊಳ್ಳುವುದು. ಆರ್ಡರ್ ಕಳಿಸುವ ಗೋದಾಮಿಗೆ ಸಾಮಾನ್ಯವಾಗಿ ಎರಡನೆಯದೇ ಬೇಕು, ಯಾಕೆಂದರೆ ಪೆಟ್ಟಿಗೆಗಳು ಕಲೆಸಿಕೊಂಡೇ ಬರುತ್ತವೆ. ಟೇಪ್ ಬದಲು ಬಿಸಿ ಅಂಟು ಬಳಸುವ ಯಂತ್ರವಾದರೆ ಅಂಟು ಸುಮಾರು 160ರಿಂದ 180 ಡಿಗ್ರಿಯವರೆಗೆ ಕಾಯಬೇಕು. ಪಾಳಿ ಶುರುವಾಗುವ ಮೊದಲೇ ಆನ್ ಮಾಡುವವರು ಯಾರು ಅಂತ ಗೊತ್ತುಮಾಡಿಕೊಳ್ಳಿ.

ಬ್ಯಾಗಿಂಗ್ ಯಂತ್ರವನ್ನು ತುಂಬ ಜನ ಕಡೆಗಣಿಸುತ್ತಾರೆ. ಬಟ್ಟೆ, ಮೆತ್ತನೆಯ ಸರಕು, ಸ್ವಂತ ಡಬ್ಬದಲ್ಲಿ ಭದ್ರವಾಗಿರುವ ಸಣ್ಣ ಸರಕು, ಇವಕ್ಕೆ ಪೆಟ್ಟಿಗೆಯೇ ಬೇಡ. ರೋಲ್‌ನಲ್ಲಿರುವ ಚೀಲವನ್ನು ಯಂತ್ರ ಗಾಳಿ ಊದಿ ತೆರೆಯುತ್ತದೆ, ನೀವು ಸರಕು ಹಾಕುತ್ತೀರಿ, ಅದು ಮುಚ್ಚಿ ಲೇಬಲ್ ಸಮೇತ ಕೊಡುತ್ತದೆ. ಜಾಗ ಕಡಿಮೆ, ಕಲಿಯುವುದು ಸುಲಭ. ಕಾಗದದ ಚೀಲ ತೆಗೆದುಕೊಳ್ಳುವ ಯಂತ್ರಗಳೂ ಇವೆ. ಚಿಕ್ಕ ಗೋದಾಮು ಮೊದಲ ಯಂತ್ರ ಕೊಳ್ಳುವುದಾದರೆ ನಾನು ಮೊದಲು ಇದನ್ನೇ ನೋಡಿ ಅನ್ನುತ್ತೇನೆ.

ಖಾಲಿ ಜಾಗ ತುಂಬುವ ಯಂತ್ರಗಳು ಕಾಗದವನ್ನು ಸುಕ್ಕುಗಟ್ಟಿಸಿ ಅಥವಾ ಗಾಳಿ ದಿಂಬು ಊದಿ ಕೊಡುತ್ತವೆ. ಮೇಜಿನ ಪಕ್ಕದಲ್ಲೇ ಕೂರುತ್ತವೆ. ಮೂರನೇ ಹೆಜ್ಜೆ ಸರಿಯಾಗಿ ಮಾಡಿದ್ದರೆ ಇವುಗಳ ಕೆಲಸವೇ ತಗ್ಗಿರುತ್ತದೆ.

ಅಳತೆಗೆ ತಕ್ಕ ಪೆಟ್ಟಿಗೆ ಮಾಡುವ ಯಂತ್ರಗಳಲ್ಲಿ ಎರಡು ದರ್ಜೆ. ಸರಳವಾದದ್ದು, ಉದ್ದಕ್ಕೆ ಮಡಚಿದ ರಟ್ಟಿನ ರಾಶಿಯಿಂದ ಬೇಕಾದ ಅಳತೆಯ ಪೆಟ್ಟಿಗೆಯನ್ನು ಕತ್ತರಿಸಿ, ಮಡಿಕೆ ಗೆರೆ ಹಾಕಿ ಕೊಡುತ್ತದೆ. ಮಡಚಿ ತುಂಬುವುದು ಮನುಷ್ಯರೇ. ದೊಡ್ಡದು, ಕನ್ವೇಯರ್ (ಸರಕು ಸಾಗಿಸುವ ಬೆಲ್ಟ್) ಮೇಲೆ ಬಂದ ಸರಕನ್ನು ಸ್ಕ್ಯಾನರ್‌ನಿಂದ ಅಳೆದು, ಸುತ್ತಲೂ ಪೆಟ್ಟಿಗೆ ಕಟ್ಟಿ, ಮುಚ್ಚಿ, ತೂಗಿ, ಲೇಬಲ್ ಹಾಕಿ ಕಳಿಸುತ್ತದೆ. ಗಂಟೆಗೆ ಸಾವಿರದ ಆಸುಪಾಸು ಪೆಟ್ಟಿಗೆ ಮಾಡುವವೂ ಇವೆ. ನೋಡಿದರೆ ಮನಸ್ಸು ಸೋಲುತ್ತದೆ. ಆದರೆ ಒಂದೇ ಯಂತ್ರದ ಮೇಲೆ ಎಲ್ಲವೂ ನಿಂತಿರುತ್ತದೆ, ಅದು ನಿಂತರೆ ಹತ್ತಾರು ಮೇಜುಗಳ ಕೆಲಸ ಒಟ್ಟಿಗೆ ನಿಲ್ಲುತ್ತದೆ. ರಟ್ಟನ್ನು ಕತ್ತರಿಸಿ ಉಳಿದ ಚೂರು ಎಷ್ಟು ಹೋಗುತ್ತದೆ ಅನ್ನುವುದನ್ನೂ ಕೇಳಬೇಕು. ಉದ್ದನೆಯ, ತೆಳ್ಳಗಿನ ಸರಕಿಗೆ ಈ ಚೂರು ಜಾಸ್ತಿ. ಸ್ಕ್ಯಾನರ್ ಸರಿಯಾಗಿ ಕಾಣಲಾರದ ಪಾರದರ್ಶಕ, ಹೊಳೆಯುವ, ಉರುಳುವ ಸರಕುಗಳನ್ನು ಪರೀಕ್ಷೆಗೆ ಕಡ್ಡಾಯವಾಗಿ ಕಳಿಸಿ.

ಲೇಬಲ್ ಮುದ್ರಿಸಿ ಅಂಟಿಸುವ ಯಂತ್ರ ಚಿಕ್ಕದಾಗಿ ಕಂಡರೂ ತಪ್ಪು ವಿಳಾಸಕ್ಕೆ ಹೋಗುವ ಪಾರ್ಸೆಲ್‌ಗಳ ಮೂಲ ಇಲ್ಲೇ ಇರುತ್ತದೆ. ಅಂಟಿಸಿದ ತಕ್ಷಣ ಸ್ಕ್ಯಾನ್ ಮಾಡಿ ತಾಳೆ ನೋಡುವ ಏರ್ಪಾಡು ಇರಲೇಬೇಕು. ಸಾಮಾನ್ಯ ಅಗಲದ ಗೆರೆ ಇರುವ ಬಾರ್‌ಕೋಡ್‌ಗೆ 203 ಡಿಪಿಐ, ಅಂದರೆ ಮಿಲಿಮೀಟರ್‌ಗೆ 8 ಚುಕ್ಕೆ, ಸಾಕಾಗುತ್ತದೆ. ಕೋಡ್ ತೀರಾ ಚಿಕ್ಕದಿದ್ದರೆ 300 ಡಿಪಿಐ ನೋಡಿ. ಇದರ ಜೊತೆ ಸಾಲಿನಲ್ಲೇ ತೂಗುವ ತಕ್ಕಡಿ ಹಾಕಿದರೆ, ಇರಬೇಕಾದ ತೂಕಕ್ಕೂ ಇರುವ ತೂಕಕ್ಕೂ ಅಂತರ ಕಂಡ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಬಹುದು. ಒಂದು ಸರಕು ಬಿಟ್ಟುಹೋದದ್ದು ಗ್ರಾಹಕರ ಮನೆಯಲ್ಲಿ ಗೊತ್ತಾಗುವ ಬದಲು ನಿಮ್ಮ ಬೆಲ್ಟ್ ಮೇಲೆಯೇ ಗೊತ್ತಾಗುತ್ತದೆ.

ಪ್ಯಾಲೆಟ್‌ಗೆ (ಪೆಟ್ಟಿಗೆಗಳನ್ನು ಪೇರಿಸಿಡುವ ಹಲಗೆಗೆ) ಫಿಲ್ಮ್ ಸುತ್ತುವ ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಫಿಲ್ಮನ್ನು ಮೊದಲೇ ಹಿಗ್ಗಿಸಿ ಸುತ್ತುವಂಥದ್ದು ತೆಗೆದುಕೊಳ್ಳಿ. ಶೇಕಡ 250 ಹಿಗ್ಗಿಸಿದರೆ ಒಂದು ಮೀಟರ್ ಫಿಲ್ಮ್ ಮೂರೂವರೆ ಮೀಟರ್ ಆಗುತ್ತದೆ. ಸರಕು ಹಗುರವಾಗಿದ್ದು ತಿರುಗಿದರೆ ಬೀಳುವಂತಿದ್ದರೆ, ಪ್ಯಾಲೆಟ್ ಬದಲು ತೋಳು ತಿರುಗುವ ಯಂತ್ರ ಬೇಕು.

ಹೆಜ್ಜೆ 5: ರೋಲ್, ಟೇಪ್, ಅಂಟು ಯಾರಿಂದ ಬರುತ್ತದೆ?

ಯಂತ್ರವನ್ನು ಒಂದು ಸಲ ಕೊಳ್ಳುತ್ತೀರಿ. ಅದು ತಿನ್ನುವ ಸಾಮಗ್ರಿಯನ್ನು ಹತ್ತು ವರ್ಷ ಕೊಳ್ಳುತ್ತೀರಿ. ಕೆಲವು ಯಂತ್ರಗಳಿಗೆ ಅವರದೇ ಕಂಪನಿಯ ಚೀಲ, ಅವರದೇ ಕಾಗದ, ಅವರದೇ ಮಡಚಿದ ರಟ್ಟು ಬೇಕು. ಯಂತ್ರ ಪುಕ್ಕಟೆಯಾಗಿ ಅಥವಾ ತೀರಾ ಕಡಿಮೆ ಬಾಡಿಗೆಗೆ ಬರುತ್ತಿದ್ದರೆ ಲಾಭ ಸಾಮಗ್ರಿಯ ಬೆಲೆಯಲ್ಲಿ ಸೇರಿರುತ್ತದೆ. ಅದು ತಪ್ಪೇನಲ್ಲ, ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಅನುಕೂಲವೂ ಹೌದು. ಆದರೆ ಒಂದು ಪೆಟ್ಟಿಗೆಗೆ ಬೀಳುವ ಸಾಮಗ್ರಿಯ ಖರ್ಚು ಲೆಕ್ಕ ಹಾಕಿ, ಐದು ವರ್ಷಕ್ಕೆ ಗುಣಿಸಿ ನೋಡಿಯೇ ಸಹಿ ಹಾಕಿ. ಬೇರೆ ಇಬ್ಬರಿಂದಾದರೂ ಅದೇ ಸಾಮಗ್ರಿ ಸಿಗುತ್ತದೆಯೇ, ಬೇರೆಯವರ ರೋಲ್ ಹಾಕಿದರೆ ವಾರಂಟಿ ಹೋಗುತ್ತದೆಯೇ ಅಂತ ಬರವಣಿಗೆಯಲ್ಲಿ ಕೇಳಿ.

ಹೆಜ್ಜೆ 6: ಜಾಗ, ಗಾಳಿ, ವಿದ್ಯುತ್

ಯಂತ್ರದ ಅಳತೆ ಒಂದು, ಅದು ಬೇಡುವ ಜಾಗ ಇನ್ನೊಂದು. ರಟ್ಟಿನ ಪ್ಯಾಲೆಟ್ ತಂದಿಡಲು, ಬಾಗಿಲು ತೆರೆದು ರಿಪೇರಿ ಮಾಡಲು, ಕಸ ತೆಗೆಯಲು ಸುತ್ತಲೂ ಜಾಗ ಬೇಕು. ಯಂತ್ರದ ಮುಂದೆ ಮತ್ತು ಹಿಂದೆ ಕೆಲವು ನಿಮಿಷದ ಕೆಲಸ ತಡೆದಿಡುವಷ್ಟು ಕನ್ವೇಯರ್ ಇರಲಿ. ಇಲ್ಲದಿದ್ದರೆ ಲೇಬಲ್ ರೋಲ್ ಬದಲಿಸುವ ಒಂದು ನಿಮಿಷಕ್ಕೆ ಇಡೀ ಸಾಲು ನಿಲ್ಲುತ್ತದೆ.

ಬಹಳ ಯಂತ್ರಗಳಿಗೆ ಸುಮಾರು 6 ಬಾರ್ ಒತ್ತಡದ ಗಾಳಿ ಬೇಕು. ಗಾಳಿ ಒಣಗಿರಬೇಕು. ನೀರು ಸೇರಿದ ಗಾಳಿ ವಾಲ್ವ್‌ಗಳನ್ನು ಹಾಳುಮಾಡುತ್ತದೆ. ಕಂಪ್ರೆಸರ್, ಡ್ರೈಯರ್, ಪೈಪಿನ ಖರ್ಚು ಎಷ್ಟೋ ಕೊಟೇಶನ್‌ಗಳಲ್ಲಿ ಇರುವುದೇ ಇಲ್ಲ. ಮೂರು ಫೇಸ್ ವಿದ್ಯುತ್ ಆ ಮೂಲೆಗೆ ಬರುತ್ತದೆಯೇ ನೋಡಿ. ಶಬ್ದವನ್ನೂ ಕೇಳಿ: ಎಂಟು ಗಂಟೆಯ ಪಾಳಿಗೆ 85 ಡೆಸಿಬೆಲ್ ದಾಟಿದರೆ ಕಿವಿಗೆ ಅಪಾಯ.

ಹೆಜ್ಜೆ 7: ಯಂತ್ರ ಮತ್ತು ಸಾಫ್ಟ್‌ವೇರ್ ಮಾತಾಡಬೇಕು

ಯೋಜನೆಗಳು ಜಾಸ್ತಿ ತಡವಾಗುವುದು ಇಲ್ಲಿ. ಗೋದಾಮಿನ ಸಾಫ್ಟ್‌ವೇರ್ ಯಂತ್ರಕ್ಕೆ ಯಾವ ಆರ್ಡರ್, ಯಾವ ಪೆಟ್ಟಿಗೆ, ಯಾವ ಲೇಬಲ್ ಅಂತ ಹೇಳಬೇಕು. ಯಂತ್ರ ವಾಪಸ್ ತೂಕ, ಅಳತೆ, ‘ಮುಗಿಯಿತು’ ಅಥವಾ ‘ಕೆಟ್ಟಿತು’ ಅಂತ ಹೇಳಬೇಕು. ಎಲ್ಲವೂ ಸರಿಯಿದ್ದಾಗ ಏನಾಗುತ್ತದೆ ಅಂತ ಎಲ್ಲರೂ ತೋರಿಸುತ್ತಾರೆ. ನೀವು ತಪ್ಪಾದಾಗಿನ ಪ್ರಶ್ನೆ ಕೇಳಿ. ಲೇಬಲ್ ಬರಲು ಐದು ಸೆಕೆಂಡ್ ತಡವಾದರೆ? ಪೆಟ್ಟಿಗೆ ಮುಚ್ಚಿದ ಮೇಲೆ ಗ್ರಾಹಕರು ಆರ್ಡರ್ ರದ್ದು ಮಾಡಿದರೆ? ಜಾಮ್ ಬಿಡಿಸುವಾಗ ಎರಡು ಪೆಟ್ಟಿಗೆ ಹಿಂದೆಮುಂದೆಯಾದರೆ ಲೇಬಲ್ ಅದಲುಬದಲಾಗುವುದಿಲ್ಲವೇ? ನೆಟ್‌ವರ್ಕ್ ಹೋದರೆ? ಈ ಜೋಡಣೆಯ ಹೊಣೆ ಯಾರದ್ದು ಅನ್ನುವುದು ಒಪ್ಪಂದದಲ್ಲಿ ಒಂದೇ ಹೆಸರಿನಲ್ಲಿರಲಿ. ಇಬ್ಬರ ಹೆಸರಿದ್ದರೆ ತೊಂದರೆ ಬಂದಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಹೆಜ್ಜೆ 8: ನಿಮ್ಮ ಸರಕಿನಿಂದಲೇ ಪರೀಕ್ಷೆ ಮಾಡಿಸಿ

ಪ್ರದರ್ಶನದಲ್ಲಿ ಓಡುವ ಯಂತ್ರ ಅಂದವಾದ, ಒಂದೇ ಅಳತೆಯ, ಹೊಸ ರಟ್ಟಿನ ಮೇಲೆ ಓಡುತ್ತದೆ. ನಿಮ್ಮ ಸರಕು ಹಾಗಿರುವುದಿಲ್ಲ. ನಿಮ್ಮ ಆರ್ಡರ್‌ಗಳಿಂದ ಇನ್ನೂರು ಮುನ್ನೂರನ್ನು ಆರಿಸಿ, ನೀವು ಬಳಸುವ ರಟ್ಟಿನ ಸಮೇತ ತಯಾರಕರಲ್ಲಿಗೆ ಕಳಿಸಿ. ಅದರಲ್ಲಿ ಅತಿ ಚಿಕ್ಕದು, ಅತಿ ಹಗುರವಾದದ್ದು, ಅತಿ ಉದ್ದದ್ದು, ಒಂದು ಬದಿ ಭಾರವಿರುವುದು, ತುಂಬಿ ಉಬ್ಬಿದ್ದು ಎಲ್ಲ ಇರಲಿ. ಸ್ವಲ್ಪ ಬಾಗಿದ ರಟ್ಟನ್ನೂ ಸೇರಿಸಿ. ಒಂದೊಂದಾಗಿ ಅಲ್ಲ, ನಿಮ್ಮಲ್ಲಿ ಬರುವ ಹಾಗೇ ಕಲೆಸಿ ಓಡಿಸಲು ಹೇಳಿ. ಒಂದು ಗಂಟೆ ನಿಲ್ಲಿಸದೆ ಓಡಿಸಲಿ.

ನೀವು ವೇಗ ನೋಡಬೇಡಿ, ನಿಂತದ್ದನ್ನು ನೋಡಿ. ಎಷ್ಟು ಸಲ ನಿಂತಿತು? ಮತ್ತೆ ಓಡಲು ಎಷ್ಟು ಹೊತ್ತಾಯಿತು? ಬಿಡಿಸಿದವರು ಅವರ ಪಳಗಿದ ಎಂಜಿನಿಯರೋ, ಸಾಮಾನ್ಯ ಕೆಲಸಗಾರರೋ? ನಿಮ್ಮ ಕಡೆಯಿಂದ ಇಬ್ಬರು ಪ್ಯಾಕಿಂಗ್ ಮಾಡುವವರನ್ನು ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಜಾಮ್ ಬಿಡಿಸಿ ನೋಡಿ. ಗಂಟೆಗೆ ಸಾವಿರ ಮಾಡುವ, ಆದರೆ ನಿಂತರೆ ಇಪ್ಪತ್ತು ನಿಮಿಷ ಹಿಡಿಯುವ ಯಂತ್ರಕ್ಕಿಂತ, ಗಂಟೆಗೆ ಎಂಟುನೂರು ಮಾಡಿ ಒಂದು ನಿಮಿಷದಲ್ಲಿ ಮತ್ತೆ ಓಡುವ ಯಂತ್ರ ನನಗೆ ಇಷ್ಟ.

ಪ್ಯಾಕ್ ಆದ ಪೆಟ್ಟಿಗೆಗಳಲ್ಲಿ ಇಪ್ಪತ್ತನ್ನು ಕೊರಿಯರ್‌ನಲ್ಲಿ ನಿಮ್ಮ ವಿಳಾಸಕ್ಕೇ ಕಳಿಸಿಕೊಳ್ಳಿ. ತೆರೆದು ನೋಡಿ. ಹೆಚ್ಚು ಬೆಲೆಯ ಅಥವಾ ಒಡೆಯುವ ಸರಕಾದರೆ ಪ್ರಯೋಗಾಲಯದಲ್ಲಿ ಬೀಳಿಸುವ, ಅಲುಗಾಡಿಸುವ ಪರೀಕ್ಷೆ ಮಾಡಿಸಿ. 70 ಕಿಲೋವರೆಗಿನ ಪಾರ್ಸೆಲ್‌ಗಳಿಗೆ ಐಎಸ್‌ಟಿಎ 3ಎ ಅನ್ನುವ ಪರೀಕ್ಷಾ ಕ್ರಮ ಇದೆ.

ಪರೀಕ್ಷೆಯ ಸಂಖ್ಯೆಗಳನ್ನು ಒಪ್ಪಂದಕ್ಕೆ ಅಂಟಿಸಿ. ತಯಾರಕರ ಜಾಗದಲ್ಲಿ ಒಮ್ಮೆ, ನಿಮ್ಮ ಗೋದಾಮಿನಲ್ಲಿ ಕೂರಿಸಿದ ಮೇಲೆ ಒಮ್ಮೆ ಅದೇ ಪರೀಕ್ಷೆ ನಡೆಯಬೇಕು. ಎರಡನೆಯದರಲ್ಲಿ ಪಾಸಾದ ಮೇಲೆಯೇ ಕೊನೆಯ ಕಂತು.

ಹೆಜ್ಜೆ 9: ದುಡ್ಡಿನ ಲೆಕ್ಕ, ಎರಡು ಸಲ

ಯಂತ್ರದ ಬೆಲೆ 100 ಅಂತ ಇಟ್ಟುಕೊಳ್ಳೋಣ. ಕನ್ವೇಯರ್, ಗಾಳಿ, ಸಾಫ್ಟ್‌ವೇರ್ ಜೋಡಣೆ, ತರಬೇತಿ ಸೇರಿ ಇನ್ನೊಂದು 30. ಒಟ್ಟು 130. ವರ್ಷಕ್ಕೆ ಕೆಲಸದ ಸಮಯದಲ್ಲಿ 60, ರಟ್ಟು ಮತ್ತು ಕೊರಿಯರ್‌ನಲ್ಲಿ 20 ಉಳಿಯುತ್ತದೆ. ಸರ್ವಿಸ್, ಬಿಡಿಭಾಗ, ವಿದ್ಯುತ್‌ಗೆ 15 ಹೋಗುತ್ತದೆ. ಕೈಗೆ 65. ಎರಡು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್.

ಈಗ ಇದೇ ಲೆಕ್ಕವನ್ನು ಶೇಕಡ 60 ಆರ್ಡರ್ ಮಾತ್ರ ಯಂತ್ರದ ಮೇಲೆ ಹೋದರೆ ಅಂತ ಮತ್ತೆ ಮಾಡಿ. ಉಳಿತಾಯ 80ರಿಂದ 48ಕ್ಕೆ ಇಳಿಯಿತು. ಆದರೆ ಸರ್ವಿಸ್ ಖರ್ಚು ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಕೈಗೆ 33. ದುಡ್ಡು ವಾಪಸ್ ಬರಲು ಸುಮಾರು ನಾಲ್ಕು ವರ್ಷ. ಎರಡನೆಯ ಲೆಕ್ಕದಲ್ಲೂ ನಿಮಗೆ ಒಪ್ಪಿಗೆ ಆಗುವಂತಿದ್ದರೆ ಮುಂದುವರಿಯಿರಿ.

‘ಹತ್ತು ಜನ ಉಳಿಯುತ್ತಾರೆ’ ಅನ್ನುವ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿ. ಯಂತ್ರಕ್ಕೆ ಸರಕು ಹಾಕಲು, ರಟ್ಟು ತುಂಬಲು, ಪಕ್ಕಕ್ಕೆ ತಳ್ಳಿದ ಪೆಟ್ಟಿಗೆ ಸರಿಮಾಡಲು ಜನ ಬೇಕೇ ಬೇಕು. ಉಳಿದವರಿಗೆ ಬೇರೆ ಯಾವ ಕೆಲಸ, ಯಾರು ಯಂತ್ರ ನಡೆಸಲು ಕಲಿಯುತ್ತಾರೆ ಅಂತ ಯಂತ್ರ ಬರುವ ಮೊದಲೇ ಅವರ ಜೊತೆ ಕೂತು ಮಾತಾಡಿ. ಗುಟ್ಟಾಗಿ ತಂದ ಯಂತ್ರವನ್ನು ಯಾರೂ ಮನಸ್ಸಿಟ್ಟು ನೋಡಿಕೊಳ್ಳುವುದಿಲ್ಲ.

ಹೆಜ್ಜೆ 10: ಸುರಕ್ಷತೆ ಮತ್ತು ಬಿಡಿಭಾಗ

ಟೇಪ್ ಕತ್ತರಿಸುವ ಬ್ಲೇಡ್, ಬಿಸಿ ಅಂಟು, ಎಳೆದುಕೊಳ್ಳುವ ಬೆಲ್ಟ್, ಎಲ್ಲವೂ ಕೈಗೆ ಅಪಾಯ. ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು. ತುರ್ತು ನಿಲುಗಡೆ ಗುಂಡಿ ಕೆಲಸ ಮಾಡುವ ಪ್ರತಿ ಜಾಗದಿಂದಲೂ ಕೈಗೆ ಸಿಗಬೇಕು. ರಿಪೇರಿಗೆ ಮುನ್ನ ವಿದ್ಯುತ್ ಮತ್ತು ಗಾಳಿ ಎರಡನ್ನೂ ತೆಗೆದು ಬೀಗ ಹಾಕುವ ವ್ಯವಸ್ಥೆ ಇರಬೇಕು. ಗಾಳಿಯನ್ನು ಮರೆಯುವವರೇ ಜಾಸ್ತಿ, ವಿದ್ಯುತ್ ತೆಗೆದರೂ ಒತ್ತಡದ ಗಾಳಿ ತೋಳನ್ನು ತಳ್ಳಬಲ್ಲದು. ಯಂತ್ರದ ಅಪಾಯಗಳನ್ನು ಲೆಕ್ಕ ಹಾಕುವ ಐಎಸ್‌ಒ 12100, ನಿಯಂತ್ರಣ ಭಾಗಗಳ ಸುರಕ್ಷತೆಯ ಐಎಸ್‌ಒ 13849, ಈ ಎರಡು ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಮಾಡಿದ ದಾಖಲೆ ಕೊಡಿ ಅಂತ ತಯಾರಕರನ್ನು ಕೇಳಿ.

ಬಿಡಿಭಾಗಗಳ ಪಟ್ಟಿಯನ್ನು ಯಂತ್ರದ ಜೊತೆಗೇ ತರಿಸಿಕೊಳ್ಳಿ. ಬ್ಲೇಡ್, ಬೆಲ್ಟ್, ಹೀರುವ ಬಟ್ಟಲು, ಸೆನ್ಸರ್, ಇನ್ನೊಂದು ಟೇಪ್ ಹೆಡ್ (ಟೇಪ್ ಹಚ್ಚುವ ಭಾಗ) ನಿಮ್ಮ ಕಪಾಟಿನಲ್ಲೇ ಇರಲಿ. ಟೇಪ್ ಹೆಡ್ ಕೆಟ್ಟರೆ ಅದನ್ನು ತೆಗೆದು ಬೇರೆಯದನ್ನು ಕೂರಿಸಿ ಓಡಿಸಬಹುದು, ಕೆಟ್ಟದ್ದನ್ನು ಆಮೇಲೆ ನಿಧಾನವಾಗಿ ಸರಿಮಾಡಬಹುದು. ಸರ್ವಿಸ್ ಎಂಜಿನಿಯರ್ ಎಷ್ಟು ಗಂಟೆಯಲ್ಲಿ ಬರುತ್ತಾರೆ, ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವವರು ಯಾರು, ಇವನ್ನೂ ಒಪ್ಪಂದದಲ್ಲಿ ಬರೆಸಿ.

ಯಂತ್ರ ಬಂದ ಮೇಲೆ ಮೊದಲ ಎರಡು ತಿಂಗಳು ಕೈ ಪ್ಯಾಕಿಂಗ್ ಮೇಜುಗಳನ್ನು ಕಿತ್ತುಹಾಕಬೇಡಿ. ಮೊದಲು ಸಲೀಸಾದ, ಒಂದೇ ಸರಕಿನ ಆರ್ಡರ್‌ಗಳನ್ನು ಮಾತ್ರ ಯಂತ್ರಕ್ಕೆ ಕೊಡಿ. ಯಂತ್ರದ ಪಕ್ಕ ಒಂದು ಪುಸ್ತಕ ನೇತುಹಾಕಿ. ನಿಂತಾಗಲೆಲ್ಲ ಎಷ್ಟು ಗಂಟೆಗೆ, ಯಾವ ಪೆಟ್ಟಿಗೆ, ಯಾಕೆ, ಎಷ್ಟು ನಿಮಿಷ ಅಂತ ಬರೆಯಲಿ. ವಾರಕ್ಕೊಮ್ಮೆ ಆ ಪುಸ್ತಕ ತೆರೆದು, ಜಾಸ್ತಿ ಸಲ ಬಂದ ಒಂದು ಕಾರಣವನ್ನು ಮಾತ್ರ ಹಿಡಿದು ಸರಿಮಾಡಿ. ನಮ್ಮಲ್ಲಿ ಮೊದಲ ವಾರ ಅತಿ ಹೆಚ್ಚು ಸಲ ಬರೆದಿದ್ದ ಕಾರಣ ಯಂತ್ರದ್ದೇ ಅಲ್ಲ, ಪ್ಯಾಲೆಟ್‌ನ ಕೆಳಗಿನ ರಟ್ಟು ತೇವವಾಗಿ ಬಾಗಿದ್ದು. ನೆಲದಿಂದ ಮೇಲೆತ್ತಿ, ಗೋಡೆಯಿಂದ ದೂರ ಇಟ್ಟೆವು. ಎರಡನೇ ವಾರದ ಪುಟದಲ್ಲಿ ಆ ಕಾರಣ ಎರಡೇ ಸಲ ಇತ್ತು.